ಕಾರವಾರದಲ್ಲಿ ಗೊದ್ದ ಸಾಕಲು ಹೀಟಿಂಗ್ ಮ್ಯಾಟ್ ಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಮೊದಲ ಮಳೆಗೆ ಕಾರವಾರದ ಮನೆಯ ದೀಪದ ಕೆಳಗೆ ಸಿಕ್ಕ ಗೊದ್ದದ ರಾಣಿ ಟೆಸ್ಟ್ ಟ್ಯೂಬಿನಲ್ಲಿದೆ, ಈಗ ಏಳೆಂಟು ಕೆಲಸಗಾರರಾಗಿವೆ. ಹೀಟಿಂಗ್ ಮ್ಯಾಟ್ ತರಿಸಬೇಕೇ, ಚಳಿಗಾಲಕ್ಕೆ ಫ್ರಿಜ್ಜಿನಲ್ಲಿ ಇಡಬೇಕೇ, ದೊಡ್ಡ ಗೂಡಿಗೆ ಯಾವಾಗ ಸಾಗಿಸುವುದು, ತಪ್ಪಿಸಿಕೊಂಡರೆ ಮನೆಯ ತೊಲೆ ತಿಂದಾವೇ?

ಕೊನೆಯದಕ್ಕೇ ಮೊದಲು ಉತ್ತರಿಸುತ್ತೇನೆ, ಮನೆಯವರು ನೆಮ್ಮದಿಯಾಗಿ ನಿದ್ದೆ ಮಾಡಲಿ. ಗೊದ್ದದ ಕುಲದ ದೊಡ್ಡ ಇರುವೆಗಳಿಗೆ ಇಂಗ್ಲಿಷಿನಲ್ಲಿ ಬಡಗಿ ಇರುವೆ (ಕಾರ್ಪೆಂಟರ್ ಆಂಟ್) ಎಂದು ಹೆಸರು, ಆದರೆ ಬಡಗಿ ಇರುವೆ ಮರ ತಿನ್ನುವುದಿಲ್ಲ, ತಿಂದರೆ ಅದಕ್ಕೆ ಅರಗುವುದೂ ಇಲ್ಲ. ಅಮೆರಿಕ, ಯುರೋಪಿನ ಕೆಲವು ಜಾತಿಗಳು ನೆನೆದ ಮರ ಕೊರೆದು ಗೂಡು ಮಾಡುತ್ತವೆ, ಕುಲಕ್ಕೆಲ್ಲ ಆ ಹೆಸರು ಅಂಟಿಕೊಂಡಿದೆ. ನಮ್ಮ ಕಡೆ ತೀರಾ ಸಾಮಾನ್ಯವಾದ ಕಪ್ಪು ಗೊದ್ದ, ಅಂದರೆ ಕ್ಯಾಂಪೊನೋಟಸ್ ಕಂಪ್ರೆಸಸ್, ಹೆಚ್ಚಾಗಿ ಮರದ ಬುಡದ ಮಣ್ಣಿನಲ್ಲೇ ಇರುವುದು. ಮೇಲೆ ಹತ್ತುವುದು ಸಸ್ಯಹೇನು ಸುರಿಸುವ ಸಿಹಿರಸಕ್ಕೆ. ತೊಲೆ ತಿನ್ನುವುದು ಒರಲೆ.

ಮ್ಯಾಟು, ಫ್ರಿಜ್ಜು ಎರಡೂ ಬೇಡ. ನೀವು ನೋಡಿದ ವಿಡಿಯೊಗಳು ಚಳಿದೇಶದವು ಇರಬೇಕು. ಅಲ್ಲಿನ ಜಾತಿಗಳಿಗೆ ಚಳಿಗಾಲದ ದೀರ್ಘ ನಿದ್ದೆ ಬೇಕು. ನಮ್ಮ ಗೊದ್ದಕ್ಕೆ ಆ ಅಭ್ಯಾಸವಿಲ್ಲ, ಫ್ರಿಜ್ಜಿಗೆ ಹಾಕಿದರೆ ಸತ್ತೇ ಹೋದೀತು. ನಾನಿರುವ ಶಿರಸಿಯಲ್ಲಿ ಡಿಸೆಂಬರ್, ಜನವರಿಯ ಚಳಿಗೆ ಮರಿಗಳು ನಿಧಾನ ಬೆಳೆಯುತ್ತವೆ. ಆಗ ಟ್ಯೂಬನ್ನು ಬಚ್ಚಲೊಲೆಯ ಹಿಂದಿನ ಗೋಡೆಗೆ, ಹೊಗೆ ತಾಗದ ಕಡೆ ಇಡುತ್ತೇನೆ. ಘಟ್ಟದ ಕೆಳಗೆ ನಿಮಗೆ ಅದೂ ಬೇಡ.

ನಮಗೆ ಕಾಟ ಕೊಡುವುದು ಮಳೆಗಾಲದ ತೇವ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಊರಿನಲ್ಲಿ ದಿನಾ ನೀರು ಚಿಮುಕಿಸುವ ಸಲಹೆಯನ್ನು ಮರೆತುಬಿಡಿ. ಟ್ಯೂಬಿನ ತಳದ ನೀರನ್ನು ತಡೆದು ಹಿಡಿದ ಹತ್ತಿ ಸ್ವಲ್ಪ ಕಪ್ಪಾದರೆ ಗಾಬರಿಯಾಗಬೇಕಿಲ್ಲ. ಬೂಷ್ಟು ಮರಿಗಳ ಹತ್ತಿರ ಬಂತೋ, ನೀರು, ಹತ್ತಿ ಹಾಕಿದ ಹೊಸ ಟ್ಯೂಬನ್ನು ಹಳೆಯದರ ಬಾಯಿಗೆ ಕೂಡಿಸಿ ಟೇಪು ಸುತ್ತಿ, ಹೊಸದಕ್ಕೆ ಕಪ್ಪು ಬಟ್ಟೆ ಮುಚ್ಚಿ, ಹಳೆಯದನ್ನು ಬೆಳಕಿಗೆ ಬಿಡಿ. ಮನಸ್ಸು ಬಂದಾಗ ಮರಿಗಳನ್ನು ಕಚ್ಚಿಕೊಂಡು ತಾವೇ ದಾಟುತ್ತವೆ. ಕೊಡವಿ ಬೀಳಿಸಲು ಮಾತ್ರ ಹೋಗಬೇಡಿ. ಹೆದರಿದ ಗೊದ್ದ ಫಾರ್ಮಿಕ್ ಆಮ್ಲ ಚಿಮ್ಮುತ್ತದೆ. ಮುಚ್ಚಿದ ಗಾಜಿನೊಳಗೆ ಅದು ಅವಕ್ಕೇ ವಿಷ. ಒಳಗೆ ಅಕ್ಕಿಕಾಳಿನಂಥ ಮಾಸಲು ಹಳದಿ ಉಂಡೆಗಳು ಕಂಡರೆ ಅವು ಮೊಟ್ಟೆಯಲ್ಲ, ಮರಿ ರೇಷ್ಮೆ ಸುತ್ತಿಕೊಂಡ ಕೋಶ. ಒಡೆದು ನೋಡುವ ಆಸೆ ಬೇಡ, ಸಮಯಕ್ಕೆ ಕೆಲಸಗಾರರೇ ಬಿಡಿಸುತ್ತವೆ.

ಊಟದ ವಿಷಯ ನೀವು ಕೇಳಿಲ್ಲ, ಆದರೆ ಹೆಚ್ಚಿನವರು ಸೋಲುವುದು ಅಲ್ಲೇ. ನಿಮ್ಮ ರಾಣಿ ಏನೂ ತಿನ್ನದೆ, ಕಳಚಿದ ರೆಕ್ಕೆಗಳ ಸ್ನಾಯು, ಮೈಯ ಕೊಬ್ಬು ಕರಗಿಸಿ ಮೊದಲ ಮರಿಗಳನ್ನು ಸಾಕಿದೆ. ಅದಕ್ಕೇ ಆ ಕೆಲಸಗಾರರು ಅಷ್ಟು ಪೀಚು. ದೊಡ್ಡ ತಲೆಯವು ಗೂಡು ಬೆಳೆದ ಮೇಲೆ ಬರುತ್ತವೆ. ಈಗ ಸಾಸಿವೆ ಗಾತ್ರದ ಜೇನುತುಪ್ಪದ ಹನಿ, ಜತೆಗೆ ವಾರಕ್ಕೆರಡು ಬಾರಿ ಚಿಕ್ಕ ಹುಳ. ಸಿಹಿ ದೊಡ್ಡವಕ್ಕೆ ಕಸುವು, ಹುಳ ಮರಿಗಳ ಬೆಳವಣಿಗೆಗೆ. ಬ್ಯಾಟಿನಲ್ಲಿ ಹೊಡೆದ ಸೊಳ್ಳೆ ಆಗಬಹುದು, ಕಾಯಿಲ್ ಹಚ್ಚಿದ ಕೋಣೆಯಲ್ಲಿ ಬಿದ್ದದ್ದು ಆಗದು. ಆ ಕೋಣೆಯಲ್ಲಿ ಟ್ಯೂಬನ್ನೂ ಇಡಬೇಡಿ, ಸೊಳ್ಳೆ ಕೊಲ್ಲುವ ಪೈರೆಥ್ರಾಯ್ಡ್ ಇರುವೆಯನ್ನೂ ಬಿಡುವುದಿಲ್ಲ. ನಮ್ಮಲ್ಲಿ ಅಡಿಕೆಗೆ ಮೈಲುತುತ್ತ, ಸುಣ್ಣದ ಬೋರ್ಡೊ ಹೊಡೆದ ದಿನಗಳಲ್ಲಿ ನಾನು ತೋಟದ ಹುಳ ಮುಟ್ಟುವುದೇ ಇಲ್ಲ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಯ ಒರಲೆಯನ್ನು ಫ್ರೀಜರಿನಲ್ಲಿಟ್ಟುಕೊಂಡರೆ ಬಹಳ ದಿನ ಬರುತ್ತದೆ. ತೊಲೆ ತಿನ್ನುವವನನ್ನೇ ಗೊದ್ದಕ್ಕೆ ತಿನ್ನಿಸುವ ಸಂತೋಷ ಬೇರೆ! ಉಳಿದ ತುಣುಕನ್ನು ಮರುದಿನವೇ ತೆಗೆಯಿರಿ, ಇಲ್ಲದಿದ್ದರೆ ಅಡುಗೆಮನೆಯ ಸಣ್ಣ ಇರುವೆಗಳು ವಾಸನೆ ಹಿಡಿದು ಬಂದು ಗೂಡನ್ನೇ ದೋಚುತ್ತವೆ. ಟ್ಯೂಬಿನ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡುವುದು ನಮ್ಮ ಅಜ್ಜಿಯರ ಕಾಲದ ಉಪಾಯ, ಇಂದಿಗೂ ಅದಕ್ಕಿಂತ ಒಳ್ಳೆಯದಿಲ್ಲ. ಗೊದ್ದ ಹೊರಗೆ ಹತ್ತದಂತೆ ಡಬ್ಬಿಯ ಒಳ ಅಂಚಿಗೆ ಟಾಲ್ಕಮ್ ಪೌಡರ್ ಬಳಿಯುವ ಉಪಾಯ ನಮ್ಮ ಜುಲೈ ತಿಂಗಳಲ್ಲಿ ನಡೆಯದು, ತೇವ ಹೀರಿ ಮೆತ್ತಗಾಗುತ್ತದೆ. ವ್ಯಾಸಲೀನ್ ತೆಳ್ಳಗೆ ಸವರಿ.

ದೊಡ್ಡ ಗೂಡಿಗೆ ಈಗಲೇ ಅವಸರ ಬೇಡ. ಇಪ್ಪತ್ತೈದು, ಮೂವತ್ತು ಕೆಲಸಗಾರರಾಗುವ ತನಕ ಟ್ಯೂಬೇ ಸಾಕು. ಖಾಲಿ ಜಾಗ ಹೆಚ್ಚಾದರೆ ಮೂಲೆಯಲ್ಲಿ ಕಸ ಒಟ್ಟುತ್ತವೆ, ಬೂಷ್ಟು ಅಲ್ಲಿಂದಲೇ ಶುರು. ಆಮೇಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಜಿಪ್ಸಮ್ ಗೂಡು ಮಾಡಿ, ಅದರ ಒಂದು ತುದಿ ಮಾತ್ರ ಒದ್ದೆ ಇರಲಿ.