ಸ್ವತಂತ್ರ ಐರ್ಲೆಂಡಿನ ಮೊದಲ ನಾಣ್ಯಗಳಲ್ಲಿ ಪ್ರಾಣಿಗಳ ಚಿತ್ರಗಳೇ ಏಕೆ ಇದ್ದವು?

1922ರಲ್ಲಿ ಐರಿಷ್ ಫ್ರೀ ಸ್ಟೇಟ್ (ಬ್ರಿಟನ್ನಿನ ಆಳ್ವಿಕೆಯಿಂದ ಬೇರ್ಪಟ್ಟ ಹೊಸ ಐರಿಷ್ ರಾಜ್ಯ) ಸ್ಥಾಪನೆಯಾದ ಮೇಲೆ, ಬ್ರಿಟಿಷ್ ದೊರೆಯ ಮುಖವಿಲ್ಲದ ಸ್ವಂತ ನಾಣ್ಯಗಳಿಗೆ ವಿನ್ಯಾಸ ಸೂಚಿಸಲು 1926ರಲ್ಲಿ ಕವಿ ಯೇಟ್ಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚನೆಯಾಯಿತು. ಒಂದು ಬದಿಗೆ ಹಾರ್ಪ್ ವಾದ್ಯ ಮೊದಲೇ ನಿಶ್ಚಯವಾಗಿತ್ತು. ಇನ್ನೊಂದು ಬದಿಗೆ, ಪಂಗಡಗಳ ನಡುವೆ ಒಡಕು ತರದೆ ಕೃಷಿಪ್ರಧಾನವಾದ ಆ ನಾಡಿನ ಬದುಕನ್ನು ತೋರಬಲ್ಲ ಪ್ರಾಣಿ, ಪಕ್ಷಿ, ಮೀನುಗಳನ್ನು ಸಮಿತಿ ಆರಿಸಿತು: ಅರ್ಧ ಕ್ರೌನ್ ನಾಣ್ಯಕ್ಕೆ ಕುದುರೆ, ಫ್ಲಾರಿನ್ (ಎರಡು ಶಿಲ್ಲಿಂಗ್) ನಾಣ್ಯಕ್ಕೆ ಸಾಲ್ಮನ್ ಮೀನು, ಪೆನ್ನಿಗೆ ಮರಿಗಳೊಡನೆ ಕೋಳಿ. ಕಲಾವಿದರ ಹೆಸರನ್ನು ಮರೆಮಾಡಿ ಮಾದರಿಗಳನ್ನು ಪರಿಶೀಲಿಸಿದಾಗ ಇಂಗ್ಲಿಷ್ ಶಿಲ್ಪಿ ಪರ್ಸಿ ಮೆಟ್‌ಕಾಫ್ ಅವರ ವಿನ್ಯಾಸಗಳು ಆಯ್ಕೆಯಾದವು. ರಾಷ್ಟ್ರೀಯತೆಯ ಆವೇಶದ ಆ ಕಾಲದಲ್ಲೂ ಕಲೆಯ ಗುಣಕ್ಕೇ ಮನ್ನಣೆ ಕೊಟ್ಟದ್ದು, ನನ್ನ ದೃಷ್ಟಿಯಲ್ಲಿ, ಸಮಿತಿಯ ಅತಿ ದೊಡ್ಡ ಸಾಧನೆ. ಧಾರ್ಮಿಕ ಚಿಹ್ನೆಗಳಿಲ್ಲವೆಂಬ ಟೀಕೆಯ ನಡುವೆಯೂ ನಾಣ್ಯಗಳು 1928ರ ಡಿಸೆಂಬರಿನಲ್ಲಿ ಚಲಾವಣೆಗೆ ಬಂದವು.