ಓದುಗರ ಪ್ರಶ್ನೆ: ಜೆಟ್ ಸ್ಕೀ ಒಮ್ಮೆ ಸೆಲ್ಫ್ ತಗೊಳ್ಳುತ್ತದೆ, ಒಮ್ಮೆ ಇಲ್ಲ

ಪ್ರಶ್ನೆ: ನಮ್ಮದು ಬೀಚಿನಲ್ಲಿ ಬಾಡಿಗೆಗೆ ಓಡುವ ಜೆಟ್ ಸ್ಕೀ. ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ ಸ್ಟಾರ್ಟ್. ನಾಲ್ಕೈದು ಸುತ್ತು ಹೊಡೆದು ನಿಲ್ಲಿಸಿ ಮತ್ತೆ ಒತ್ತಿದರೆ ಬರೇ ‘ಟಕ್’. ಕೆಲವೊಮ್ಮೆ ಅದೂ ಇಲ್ಲ. ಹತ್ತು ನಿಮಿಷ ಬಿಟ್ಟರೆ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತದೆ. ಹೊಸ ಬ್ಯಾಟರಿ ಹಾಕಿದ್ದಾಯಿತು. ಈಗ ಸೆಲ್ಫ್ ಮೋಟಾರ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇ?
– ಓದುಗರು, ಮಲ್ಪೆ

ಉತ್ತರ: ಈಗಲೇ ಬೇಡ. ಹೋಗಿ ಬಂದು ಮಾಡುವ ದೋಷವನ್ನು ಅದು ಕಾಣಿಸಿಕೊಂಡ ಹೊತ್ತಿಗೇ ಹಿಡಿಯಬೇಕು. ತಣ್ಣಗಾದ ಮೇಲೆ ಗ್ಯಾರೇಜಿನಲ್ಲಿ ಅಳೆದರೆ ಎಲ್ಲವೂ ಸರಿ ಎಂದೇ ಬರುತ್ತದೆ. ಮಲ್ಟಿಮೀಟರ್ ದಡದಲ್ಲೇ ಇರಲಿ. ಸೀಟು ತೆಗೆದು ಐದು ನಿಮಿಷ ಗಾಳಿಯಾಡಲು ಬಿಟ್ಟು, ಪೆಟ್ರೋಲ್ ವಾಸನೆ ಇಲ್ಲವೆಂದು ಖಚಿತವಾದ ಮೇಲಷ್ಟೇ ಕೈ ಹಾಕಿ.

ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ಹಿಡಿಯಿರಿ, ವೈರಿನ ಲಗ್ಗಿಗಲ್ಲ (ಲಗ್ ಎಂದರೆ ವೈರಿನ ತುದಿಯ ಲೋಹದ ಬಳೆ). ಚಾರ್ಜ್ ಇರುವ ಬ್ಯಾಟರಿ ಸುಮ್ಮನಿದ್ದಾಗ 12.6ರಿಂದ 12.8 ವೋಲ್ಟ್ ತೋರಿಸಬೇಕು. ಈಗ ಗುಂಡಿ ಒತ್ತಿಸಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟಾರ್ ಅಥವಾ ಎಂಜಿನ್ ಬಿಗಿದಿದೆ. ಸಿಲಿಂಡರಿಗೆ ನೀರು ನುಗ್ಗಿದ್ದರೂ ಹೀಗೇ ಆಗುತ್ತದೆ. ಅಂಥ ಅನುಮಾನ ಬಂದರೆ ಗುಂಡಿ ಮತ್ತೆ ಒತ್ತಬೇಡಿ, ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ‘ಟಕ್’ ಬಂದೂ ವೋಲ್ಟೇಜ್ 12ರ ಆಸುಪಾಸಿನಲ್ಲೇ ನಿಂತರೆ ಬ್ಯಾಟರಿಯ ತಪ್ಪಿಲ್ಲ, ಕರೆಂಟು ದಾರಿಯಲ್ಲಿ ತಡೆದಿದೆ ಎಂದರ್ಥ. ನಿಮ್ಮಲ್ಲಿ ಇದೇ ಆಗುತ್ತಿರುವ ಸಾಧ್ಯತೆ ಹೆಚ್ಚು.

ಎಲ್ಲಿ ತಡೆದಿದೆ? ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಶುಭ್ರವಾದ ಬೋಲ್ಟಿಗೆ. ಗುಂಡಿ ಒತ್ತಿದಾಗ 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ವೈರ್ ಕೆಟ್ಟಿದೆ. ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ಟರ್ಮಿನಲ್ಲಿಗೆ ಇದೇ ರೀತಿ ಅಳೆಯಿರಿ; 0.5 ದಾಟಬಾರದು. ದಾಟಿದರೆ ರಿಲೇಯ (ಗುಂಡಿಯ ಸಣ್ಣ ಕರೆಂಟಿನಿಂದ ಎಚ್ಚೆತ್ತು ಮೋಟಾರಿಗೆ ದೊಡ್ಡ ಕರೆಂಟು ಹಾಯಿಸುವ ಸ್ವಿಚ್) ಎರಡು ದಪ್ಪ ಬೋಲ್ಟುಗಳ ನಡುವೆ ಹಿಡಿಯಿರಿ. ಗುಂಡಿ ಒತ್ತದಿರುವಾಗ ಇಲ್ಲಿ 12 ವೋಲ್ಟ್ ಇರುವುದು ಸಹಜ. ‘ಟಕ್’ ಆದ ಮೇಲೂ ವೋಲ್ಟುಗಟ್ಟಲೆ ಉಳಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ದಡದ ಮೇಲೆ ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ತಕ್ಷಣ ಆರಿಸಿ, ತಂಪು ಮಾಡಲು ಅಲ್ಲಿ ನೀರಿಲ್ಲ.

‘ವೈರನ್ನು ಬೀಪ್ ಹಾಕಿ ನೋಡಿದ್ದೇವೆ’ ಎನ್ನುವ ಮಾತನ್ನು ನಂಬಬೇಡಿ. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಸೆಲ್ಫ್ 100 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ, ಬರೇ 0.02 ಓಮ್ ತಡೆಯಿದ್ದರೂ 2 ವೋಲ್ಟ್ ಅಲ್ಲೇ ಹೋಯಿತು. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮೀಟರ್ ಓಮಿನಲ್ಲಿ ತೋರಿಸುವುದೇ ಇಲ್ಲ. ಬಿಸಿಯಾದರೆ ತಾಮ್ರದ ತಡೆ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. ಮೊದಲಿಗಿಂತ 40 ಡಿಗ್ರಿ ಹೆಚ್ಚು ಕಾದ ರಿಲೇ ಕಾಯಿಲ್ (ಒಳಗಿನ ತಾಮ್ರದ ಸುರುಳಿ) ಆರರಲ್ಲಿ ಒಂದು ಪಾಲಿನಷ್ಟು ಹೆಚ್ಚು ತಡೆ ಒಡ್ಡುತ್ತದೆ, ಅದರಿಂದ ಎಳೆಯುವ ಬಲ ತಗ್ಗುತ್ತದೆ. ಹತ್ತು ನಿಮಿಷದ ವಿಶ್ರಾಂತಿಯ ಗುಟ್ಟು ಇದೇ ಇರಬಹುದು.

‘ಟಕ್’ ಕೂಡ ಬಾರದ ಹೊತ್ತಿನಲ್ಲಿ ರಿಲೇಯ ಎರಡು ಸಣ್ಣ ವೈರುಗಳ ನಡುವೆ ಅಳೆಯಿರಿ. ಒತ್ತಿದಾಗ 12 ವೋಲ್ಟ್ ಬಂದೂ ಸದ್ದಿಲ್ಲದಿದ್ದರೆ ರಿಲೇ ಹೋಗಿದೆ. ವೋಲ್ಟೇಜೇ ಬಾರದಿದ್ದರೆ ಫ್ಯೂಸ್, ಹ್ಯಾಂಡಲಿನ ಗುಂಡಿ, ಸೇಫ್ಟಿ ಹಗ್ಗದ ಕ್ಲಿಪ್ ನೋಡಿ. ಗುಂಡಿಯೊಳಗೆ ಉಪ್ಪು ಕಟ್ಟುವುದು ತೀರಾ ಸಾಮಾನ್ಯ. ಕೀಯಲ್ಲಿ ಚಿಪ್ ಇರುವ ಸೀ-ಡೂ ಬ್ರ್ಯಾಂಡಿನ ಮಾದರಿಗಳಲ್ಲಿ ಎರಡು ಚಿಕ್ಕ ಬೀಪ್ ಬಂದರೆ ಕೀ ಸರಿಯಾಗಿ ಕೂತಿದೆ ಎಂದು.

‘ಟಕ್’ ಬರುವುದೂ ಬಾರದಿರುವುದೂ ಒಂದೇ ಗಾಡಿಯಲ್ಲಿದ್ದರೆ ನಮ್ಮ ಮೊದಲ ಅನುಮಾನ ಅರ್ಥ್ ವೈರಿನ ಮೇಲೆ, ಆಮೇಲೆ ರಿಲೇ ಮೇಲೆ. ಲಗ್ ಹೊರಗಿನಿಂದ ಹೊಳೆಯುತ್ತಿದ್ದರೆ ಮೋಸಹೋಗಬೇಡಿ. ಉಪ್ಪುನೀರು ರಬ್ಬರಿನೊಳಗೆ ಬತ್ತಿಗೆ ಎಣ್ಣೆ ಏರುವಂತೆ ಏರುತ್ತದೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಲಗ್ಗಿನ ಹಿಂದೆ ಒಂದಿಂಚು ಸಿಪ್ಪೆ ತೆಗೆದು ನೋಡಿ. ಎಳೆಗಳು ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ವೈರನ್ನೇ ಬದಲಿಸಿ. ತವರ ಲೇಪಿಸಿದ ತಾಮ್ರದ ವೈರ್, ಒತ್ತಿ ಕೂರಿಸಿದ ಲಗ್, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಬೋಲ್ಟ್ ಬಿಗಿದ ನಂತರ ಗ್ರೀಸ್ ಹಚ್ಚಿ.

ಪ್ರಶ್ನೆ: ಸ್ಟಾರ್ಟ್ ಆಗದಿದ್ದಾಗ ರಿಲೇಯ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದರೆ ಸ್ಟಾರ್ಟ್ ಆಗುತ್ತದೆ. ಹೀಗೆ ಮಾಡಬಹುದೇ?
– ಓದುಗರು, ಪಣಂಬೂರು

ಉತ್ತರ: ಖಂಡಿತ ಬೇಡ. ಬೈಕಿನಲ್ಲಿ ಪೆಟ್ರೋಲ್ ಆವಿ ಗಾಳಿಗೆ ಹೋಗುತ್ತದೆ. ಜೆಟ್ ಸ್ಕೀಯಲ್ಲಿ ಅದು ಗಾಳಿಗಿಂತ ಭಾರವಾಗಿ ಮುಚ್ಚಿದ ಹೊಟ್ಟೆಯ ತಳದಲ್ಲಿ ಕೂತಿರುತ್ತದೆ, ನಿಮ್ಮ ಕಿಡಿಗೆ ಅಷ್ಟು ಸಾಕು. ಆದರೆ ನೀವು ಕಂಡದ್ದು ಒಳ್ಳೆಯ ಸುಳಿವು: ಬ್ಯಾಟರಿ, ಅರ್ಥ್, ಮೋಟಾರ್ ಮೂರೂ ಸರಿಯಿವೆ. ದೋಷ ರಿಲೇಯಲ್ಲಿದೆ, ಇಲ್ಲವೇ ಅದನ್ನು ಎಬ್ಬಿಸುವ ಸಣ್ಣ ವೈರಿನಲ್ಲಿ.

ಪ್ರಶ್ನೆ: ಮಳೆಗಾಲದಲ್ಲಿ ನಾಲ್ಕು ತಿಂಗಳು ನಿಲ್ಲಿಸಿಡುವಾಗ ಬ್ಯಾಟರಿ ಏನು ಮಾಡಲಿ?
– ಓದುಗರು, ಪಡುಬಿದ್ರಿ

ಉತ್ತರ: ಬಿಚ್ಚಿ ಮನೆಯೊಳಗಿಡಿ. ತಿಂಗಳಿಗೊಮ್ಮೆ ಚಾರ್ಜ್ ಮಾಡಿ. 20 ಆಂಪಿಯರ್-ಅವರ್ ಬ್ಯಾಟರಿಗೆ 2 ಆಂಪಿಯರ್ ಚಾರ್ಜರ್ ಸಾಕು. 12.4 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬೇಡಿ, ಸೀಸದ ತಟ್ಟೆಗೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಂಡರೆ ಮತ್ತೆ ಬಿಡುವುದಿಲ್ಲ. ಗಾಡಿಯ ಸೀಟನ್ನು ತುಸು ಎತ್ತಿಯೇ ಇಡಿ, ಒಳಗೆ ಬೆವರು ಕಟ್ಟದಿರಲಿ.