ಸಂಪಾದಕರ ಉತ್ತರ: ಆ ವಾರದ ಪಟ್ಟಿ ಯಾರಿಗಾಗಿ?

(ತುಮಕೂರಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರ ಪತ್ರದ ಸಾರ: ಅವರ ನಾಲ್ಕು ವರ್ಷದ ಮೊಮ್ಮಗಳು ಮಾಂಟೆಸ್ಸರಿ ಎಂದು ಫಲಕ ಹಾಕಿಕೊಂಡ ಶಾಲೆಯೊಂದಕ್ಕೆ ಹೋಗುತ್ತಾಳೆ. ಪ್ರತಿ ಶನಿವಾರ ಮುಂದಿನ ವಾರದ ಚಟುವಟಿಕೆಗಳ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಸೋಮವಾರ ಕಾಳು ಸುರಿಯುವುದು, ಮಂಗಳವಾರ ಅಂಕಿ, ಬುಧವಾರ ಅಕ್ಷರ, ಗುರುವಾರ ಚಿತ್ರ, ಶುಕ್ರವಾರ ‘ಹಳದಿ ದಿನ’. ಮಗುವನ್ನು ಕೇಳಿದರೆ ಮಾತ್ರ ದಿನವೂ ಒಂದೇ ಉತ್ತರ: ‘ರಾಗಿ ಸುರಿದೆ.’ ಪಕ್ಕದ ಮನೆಯ ಎಲ್‌ಕೆಜಿ ಹುಡುಗ ನೂರರವರೆಗೆ ಬರೆಯುತ್ತಾನೆ. ‘ಇದು ಶಾಲೆಯೋ ಅಡುಗೆಮನೆಯೋ? ಇವಳು ಬರೆಯುವುದು ಯಾವಾಗ? ಕನ್ನಡ ಅಕ್ಷರ ಪಟ್ಟಿಯಲ್ಲೇ ಇಲ್ಲವಲ್ಲ? ಆ ಸಾಮಾನುಗಳನ್ನು ಮನೆಗೂ ಕೊಂಡು ತರಬೇಕೆ?’ ಎಂದು ಅವರು ಕೇಳಿದ್ದಾರೆ. ಸೇವೆಯ ಕೊನೆಯ ವರ್ಷಗಳಲ್ಲಿ ತಾವು ನಲಿ-ಕಲಿ ತರಗತಿ ನಡೆಸಿದ್ದಾಗಿಯೂ ತಿಳಿಸಿದ್ದಾರೆ.)

ಮೇಷ್ಟ್ರೆ,

ನಿಮ್ಮ ಸಿಟ್ಟು ರಾಗಿಯ ಮೇಲೆ, ನನ್ನ ಸಿಟ್ಟು ಪಟ್ಟಿಯ ಮೇಲೆ. ನೀವು ಕಳಿಸಿದ್ದನ್ನು ಎರಡು ಸಲ ಓದಿದೆ. ಅದರಲ್ಲಿ ಮಾಂಟೆಸ್ಸರಿಗೆ ಸಲ್ಲುವಂಥದ್ದು ಏನಾದರೂ ಇದ್ದರೆ, ಅದು ನಿಮ್ಮ ಮೊಮ್ಮಗಳು ಆ ಪಟ್ಟಿಯನ್ನು ಲೆಕ್ಕಕ್ಕೇ ಇಡದೆ ದಿನವೂ ರಾಗಿ ಸುರಿಯುತ್ತಿರುವುದು. ಅವಳಿಗೆ ಹಾಗೆ ಮಾಡಲು ಬಿಟ್ಟಿರುವ ಶಿಕ್ಷಕಿ ಒಳ್ಳೆಯವರೇ ಇರಬೇಕು. ಪಟ್ಟಿ ತಯಾರಿಸಿದವರು ಬಹುಶಃ ಬೇರೆ ಯಾರೋ.

ಮಂಗಳವಾರ ಬಂತೆಂದು ಇಡೀ ತರಗತಿ ಒಟ್ಟಿಗೆ ಅಂಕಿಯ ಕಡೆಗೆ, ಬುಧವಾರ ಬಂತೆಂದು ಅಕ್ಷರದ ಕಡೆಗೆ ತಿರುಗುವ ವ್ಯವಸ್ಥೆ ಬೇಡ ಎಂದೇ ಈ ಪದ್ಧತಿ ಹುಟ್ಟಿತು. ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿರಬೇಕು. ನಮ್ಮ ಊರುಗಳಲ್ಲಿ ಮಾಂಟ್-1, ಮಾಂಟ್-2, ಮಾಂಟ್-3 ಎನ್ನುತ್ತಾರಲ್ಲ, ಆ ಮೂವರೂ ಕೂಡಿ. ಕೈಗೆಟಕುವ ಎತ್ತರದ ಕಪಾಟುಗಳಲ್ಲಿ ಸಾಮಾನು ಇರುತ್ತದೆ. ಮಗು ತಾನೇ ಆರಿಸಿ, ಚಾಪೆ ಹಾಸಿಕೊಂಡು, ಸಾಕೆನಿಸುವವರೆಗೆ ಕೆಲಸ ಮಾಡಿ, ತೆಗೆದಲ್ಲೇ ತಿರುಗಿ ಇಡುತ್ತದೆ. ಬೆಳಗಿನ ಮೂರು ತಾಸು ನಡುವೆ ಯಾರೂ ಗಂಟೆ ಬಾರಿಸಬಾರದು. ಅಲ್ಲಿ ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ಇರುವುದು ಹಾಡಿನಲ್ಲಿ, ಕಥೆಯಲ್ಲಿ, ಹೆಚ್ಚೆಂದರೆ ಕಪಾಟಿಗೆ ಹೊಸದಾಗಿ ಬಂದ ಒಂದೆರಡು ಸಾಮಾನಿನಲ್ಲಿ.

ಇದನ್ನು ನಾನು ನಿಮಗೆ ವಿವರಿಸುವುದೇ ಅಧಿಕಪ್ರಸಂಗ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ನಲಿ-ಕಲಿಯಲ್ಲಿ ನೀವು ಮಾಡಿದ್ದೇನು? ಒಂದು, ಎರಡು, ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಕಲಿಕಾ ಏಣಿಯಲ್ಲಿ ಯಾರು ಯಾವ ಮೆಟ್ಟಿಲಿನಲ್ಲಿದ್ದಾರೋ ಅವರಿಗೆ ಆ ಮೆಟ್ಟಿಲಿನ ಕಾರ್ಡು ಕೊಟ್ಟಿರಿ. ಮೂರು ದಿನ ಶಾಲೆಗೆ ಬಾರದ ಹುಡುಗಿ ನಾಲ್ಕನೆಯ ದಿನ ಬಂದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿದಳು. ‘ಇಂದು ಗುರುವಾರ, ಎಲ್ಲರೂ ಐದನೆಯ ಮೆಟ್ಟಿಲು’ ಎಂದು ಇಲಾಖೆಯ ಯಾರಾದರೂ ಸುತ್ತೋಲೆ ಕಳಿಸಿದ್ದರೆ ನೀವು ನಗುತ್ತಿದ್ದಿರಿ. ವಾಟ್ಸ್‌ಆ್ಯಪ್ ಪಟ್ಟಿಗೂ ಅದೇ ನಗು ಸಲ್ಲಬೇಕು.

ಇನ್ನು ರಾಗಿಯ ವಿಚಾರ. ಶಾಲೆಯವರು ಇದನ್ನು ‘ಇಪಿಎಲ್’ ಎನ್ನುತ್ತಾರೆ: ದಿನನಿತ್ಯದ ಬದುಕಿನ ಕೆಲಸಗಳು. ಸುರಿಯುವುದು, ಗುಡಿಸುವುದು, ಗುಂಡಿ ಹಾಕುವುದು, ಬಟ್ಟೆ ಮಡಚುವುದು. ಸುರಿಯುವುದರಲ್ಲೂ ಕ್ರಮವಿದೆ. ಮೊದಲು ಅವರೆ, ಅಲಸಂದೆಯಂಥ ದಪ್ಪ ಕಾಳು, ಆಮೇಲೆ ಅಕ್ಕಿ, ರಾಗಿ, ಕೊನೆಗೆ ನೀರು. ನಿಮ್ಮ ಮೊಮ್ಮಗಳು ರಾಗಿಗೆ ಬಂದಿದ್ದಾಳೆ ಎಂದರೆ ಸುಮ್ಮನೆ ಆಡುತ್ತಿಲ್ಲ, ನೀರಿನ ಹತ್ತಿರ ಬಂದಿದ್ದಾಳೆ. ರಾಗಿ ಹೆಚ್ಚುಕಡಿಮೆ ನೀರಿನಂತೆಯೇ ಓಡುತ್ತದೆ, ಕೈ ಒಂದಿಷ್ಟು ವಾಲಿದರೂ ತಟ್ಟೆಯ ತುಂಬ. ಆಗ ಗದರುವವರು ಯಾರೂ ಇರಬಾರದು. ತಟ್ಟೆಯ ಪಕ್ಕದಲ್ಲೇ ಒಂದು ಪುಟ್ಟ ಬ್ರಷ್ ಇರುತ್ತದೆ, ಚೆಲ್ಲಿದ್ದನ್ನು ಅವಳೇ ಬಳಿದು ತುಂಬುತ್ತಾಳೆ. ತಪ್ಪನ್ನು ತೋರಿಸುವ ಕೆಲಸ ರಾಗಿಯದು, ಶಿಕ್ಷಕಿಯದಲ್ಲ.

ಬರೆಯುವುದು ಯಾವಾಗ ಎಂದಿರಿ. ಅದೇ ಕಪಾಟಿನಲ್ಲಿ ಉದ್ದನೆಯ ಮರದ ದಿಮ್ಮಿಯೊಂದನ್ನು ನೀವು ನೋಡಬಹುದು. ಅದರಲ್ಲಿ ಹತ್ತು ಗುಳಿ, ಹತ್ತು ಗುಳಿಗಳಿಗೆ ಹತ್ತು ಉರುಳೆ. ಪ್ರತಿ ಉರುಳೆಯ ತಲೆಯಲ್ಲಿ ಕಡಲೆಕಾಯಿ ಗಾತ್ರದ ಹಿಡಿ. ಎಲ್ಲವನ್ನೂ ಹೊರತೆಗೆದು, ಕಲಸಿ, ಮತ್ತೆ ಅದರದರ ಗುಳಿಯಲ್ಲಿ ಇಳಿಸಬೇಕು. ಒಂದನ್ನು ದೊಡ್ಡ ಗುಳಿಗೆ ಹಾಕಿಬಿಟ್ಟರೆ ಕೊನೆಯಲ್ಲಿ ಒಂದು ಉರುಳೆ ಯಾವ ಗುಳಿಗೂ ಇಳಿಯದೆ ಕೈಯಲ್ಲೇ ಉಳಿಯುತ್ತದೆ, ಮಗು ತಾನೇ ಮುಖ ಗಂಟಿಕ್ಕಿಕೊಂಡು ಹಿಂದಕ್ಕೆ ಹೋಗುತ್ತದೆ. ಆ ಹಿಡಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರರಿಂದಲೇ ಹಿಡಿಯಬೇಕು. ಪೆನ್ಸಿಲ್ ಹಿಡಿಯುವುದೂ ಆ ಮೂರೇ. ಆಮೇಲೆ ಉಪ್ಪು ಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರಗಳ ಮೇಲೆ ತೋರುಬೆರಳು, ನಡುಬೆರಳು ಆಡಿಸುವುದು. ಲೋಹದ ಚೌಕಟ್ಟಿನ ಅಂಚು ಹಿಡಿದು ಪೆನ್ಸಿಲ್ ಎಳೆಯುವುದು. ಬಿಡಿ ಅಕ್ಷರಗಳನ್ನು ಜೋಡಿಸಿ ಪದ ಕಟ್ಟುವುದು. ಕೈ, ಕಿವಿ, ಕಣ್ಣು ಬೇರೆಬೇರೆಯಾಗಿ ಸಿದ್ಧವಾಗುತ್ತ ಒಂದು ದಿನ ಮೂರೂ ಕೂಡುತ್ತವೆ. ರೋಮ್‌ನ ಮಗುವೊಂದಕ್ಕೆ, ಈ ಪದ್ಧತಿಯನ್ನು ರೂಪಿಸಿದ ಮಾರಿಯಾ ಮಾಂಟೆಸ್ಸರಿ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬಿಡಿಸು ಎಂದರಂತೆ. ಅದು ಚಿತ್ರ ಬಿಡಿಸಿ ಮುಗಿಸಿ, ನನಗೆ ಬರೆಯಲು ಬರುತ್ತದೆ ಎಂದು ಕೂಗುತ್ತ ನೆಲದ ಮೇಲೆ ‘ಕೈ’, ‘ಹೊಗೆಗೂಡು’, ‘ಚಾವಣಿ’ ಎಂದು ಬರೆಯಿತು. ಅದಕ್ಕೆ ಯಾರೂ ಕಾಪಿ ಬರೆಸಿರಲಿಲ್ಲ.

ಹೀಗಾಗಿ ಪಕ್ಕದ ಮನೆಯ ಹುಡುಗನ ನೂರರವರೆಗಿನ ಅಂಕಿಗಳಿಗೆ ನೀವು ಹೆದರಬೇಕಿಲ್ಲ. ಅವನನ್ನು ಒಮ್ಮೆ ಕರೆದು ‘ನಲವತ್ತೇಳರಲ್ಲಿ ಹತ್ತುಗಳೆಷ್ಟು?’ ಎಂದು ಕೇಳಿ. (ಅವನ ತಾಯಿಯ ಎದುರಿನಲ್ಲಿ ಬೇಡ.) ಮಾಂಟೆಸ್ಸರಿ ಮನೆಯಲ್ಲಿ ಐದು ವರ್ಷದ ಮಗುವಿಗೆ ಬರುವ ಚಿನ್ನದ ಮಣಿಗಳ ಕೆಲಸ ನನಗೆ ಬಹಳ ಇಷ್ಟ. ಒಂದು ಬಿಡಿ ಮಣಿ. ಹತ್ತು ಮಣಿ ಪೋಣಿಸಿದ ಒಂದು ಕಡ್ಡಿ. ಹತ್ತು ಕಡ್ಡಿ ಕೂಡಿಸಿದ ಒಂದು ಚೌಕ, ಅದು ನೂರು. ಹತ್ತು ಚೌಕ ಪೇರಿಸಿದ ಒಂದು ಘನ, ಅದು ಸಾವಿರ. ಮಗು ತಟ್ಟೆ ಹಿಡಿದು ‘ಬ್ಯಾಂಕ್’ಗೆ, ಅಂದರೆ ಮಣಿಗಳನ್ನು ಇಟ್ಟಿರುವ ಕಡೆಗೆ, ಹೋಗಿ 2,435 ತರುತ್ತದೆ, ಗೆಳೆಯ 1,328 ತರುತ್ತಾನೆ. ಎರಡನ್ನೂ ಚಾಪೆಯ ಮೇಲೆ ಸುರಿದು ಎಣಿಸಿದರೆ ಬಿಡಿ ಮಣಿ ಹದಿಮೂರು. ಹತ್ತನ್ನು ಬ್ಯಾಂಕಿಗೆ ಕೊಟ್ಟು ಒಂದು ಕಡ್ಡಿ ತರುತ್ತಾರೆ. ನಾವು ‘ದಶಕ’ ಎಂದು ತಲೆಯ ಮೇಲೆ ಪುಟ್ಟದಾಗಿ ಒಂದು ಬರೆಯಿಸುತ್ತಿದ್ದೆವಲ್ಲ, ಆ ಒಂದು ಎಲ್ಲಿಂದ ಬಂತು ಎನ್ನುವುದು ಇಲ್ಲಿ ಮಗುವಿನ ಕೈಯಲ್ಲೇ ಇರುತ್ತದೆ. ಸಾವಿರದ ಘನವನ್ನು ಎತ್ತಿದ ಮಗುವಿಗೆ ಸಾವಿರ ಒಂದಕ್ಕಿಂತ ಎಷ್ಟು ದೊಡ್ಡದು ಎಂದು ಹೇಳಿಕೊಡಬೇಕಿಲ್ಲ.

ಶುಕ್ರವಾರದ ‘ಹಳದಿ ದಿನ’ಕ್ಕೆ ಮಾತ್ರ ನನ್ನಲ್ಲಿ ಕರುಣೆ ಇಲ್ಲ. ಮಕ್ಕಳೆಲ್ಲ ಹಳದಿ ಬಟ್ಟೆ, ಡಬ್ಬಿಯಲ್ಲಿ ಚಿತ್ರಾನ್ನ, ಹಿಂದಿನ ರಾತ್ರಿ ಹನ್ನೊಂದಕ್ಕೆ ಅಮ್ಮ ಕತ್ತರಿಸಿಕೊಟ್ಟ ಸೂರ್ಯಕಾಂತಿ, ಬೆಳಿಗ್ಗೆ ಒಂದು ಗುಂಪು ಫೋಟೊ. ಮಾಂಟೆಸ್ಸರಿಯ ಮೂರನೆಯ ಬಣ್ಣದ ಪೆಟ್ಟಿಗೆಯಲ್ಲಿ ಒಂಬತ್ತು ಬಣ್ಣಗಳಿವೆ, ಒಂದೊಂದಕ್ಕೂ ಏಳು ಛಾಯೆ, ಒಟ್ಟು 63 ಬಿಲ್ಲೆ. ಏಳು ಹಳದಿಗಳನ್ನು ಗಾಢದಿಂದ ತಿಳಿಯವರೆಗೆ ಸಾಲಾಗಿ ಜೋಡಿಸಲು ಮಗು ಬಿಲ್ಲೆಗಳನ್ನು ಬೆಳಕಿಗೆ ಹಿಡಿದು, ಪಕ್ಕಪಕ್ಕ ಇಟ್ಟು, ಬದಲಿಸಿ, ಮತ್ತೆ ಬದಲಿಸಿ ಒದ್ದಾಡುತ್ತದೆ. ಹಳದಿಯನ್ನು ಕಲಿಯುವುದು ಅಲ್ಲಿ. ಫೋಟೊದಲ್ಲಿ ಅದು ಏನೂ ಚೆನ್ನಾಗಿ ಕಾಣುವುದಿಲ್ಲ, ಆದ್ದರಿಂದ ನಿಮ್ಮ ಮೊಬೈಲಿಗೆ ಬರುವುದೂ ಇಲ್ಲ.

ಅಸಲಿಗೆ ಪಟ್ಟಿ ಹುಟ್ಟುವುದೇ ನಮ್ಮಿಂದ. ಶುಲ್ಕ ಕಟ್ಟಿದ ಪೋಷಕರು ‘ಈ ವಾರ ಏನು ಮಾಡಿಸಿದಿರಿ’ ಎಂದು ಕೇಳುತ್ತಾರೆ, ಶಾಲೆ ಕೊಡುವ ಉತ್ತರವೇ ಈ ಪಟ್ಟಿ. 1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ತಂದೆತಾಯಿ ಕೂಲಿಗೆ ಹೋದಾಗ ಗೋಡೆ ಕೆಡಿಸುತ್ತಿದ್ದ ಮಕ್ಕಳಿಗಾಗಿ ತೆರೆದ ಮನೆಯಲ್ಲಿ ಶುರುವಾದದ್ದು ಮಾಂಟೆಸ್ಸರಿ. ಇಂದು ನಮ್ಮ ಬಡಾವಣೆಗಳಲ್ಲಿ ದುಬಾರಿ ಶುಲ್ಕಕ್ಕೆ ಇನ್ನೊಂದು ಹೆಸರಾಗಿದೆ. ಫಲಕ ಬರೆಸುವುದಕ್ಕೂ ಯಾರ ತಡೆಯೂ ಇಲ್ಲ. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರೆಗೆ ಓಗೊಟ್ಟು ಮದರಾಸಿನ ಅಡ್ಯಾರಿಗೆ ಬಂದ ಮಾರಿಯಾ ಮಾಂಟೆಸ್ಸರಿ, ಯುದ್ಧದ ದೆಸೆಯಿಂದ 1946ರವರೆಗೆ ಈ ದೇಶದಲ್ಲೇ ಉಳಿದು ಶಿಕ್ಷಕರನ್ನು ತಯಾರು ಮಾಡಿದರು. ಅದಕ್ಕೂ ಮುಂಚೆ, 1920ರಲ್ಲಿ, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ವಕೀಲಿಕೆ ಬಿಟ್ಟು ಬಾಲಮಂದಿರ ತೆರೆದಿದ್ದರು. ಗುಜರಾತಿನವರು ಅವರನ್ನು ಮೀಸೆಯ ತಾಯಿ ಎಂದು ಕರೆಯುತ್ತಿದ್ದರು. ಇಷ್ಟು ದೊಡ್ಡ ಪರಂಪರೆಗೆ ಹಳದಿ ಚಿತ್ರಾನ್ನ ಸಾಲದು.

ಹಾಗೆಂದು ವಾರಕ್ಕೆ ಯೋಜನೆಯೇ ಬೇಡವೆಂದು ಹೇಳುತ್ತಿಲ್ಲ. ಅದು ಶಿಕ್ಷಕಿಯ ಪುಸ್ತಕದಲ್ಲಿರಬೇಕು, ಮಗುವಿಗೊಂದು ಪುಟದಂತೆ. ಯಾವ ಸಾಮಾನನ್ನು ಯಾವಾಗ ತೋರಿಸಿದೆ, ತಾನಾಗಿ ಎಷ್ಟು ಸಲ ಎತ್ತಿಕೊಂಡಿತು, ಎಲ್ಲಿ ತೊಡಕಾಯಿತು, ಮುಂದಿನ ವಾರ ಏನನ್ನು ತೋರಿಸಬೇಕು. ಶಾಲೆಗೆ ಹೋಗಿ ಜಗಳವಾಡಬೇಡಿ. ಒಂದು ಬೆಳಿಗ್ಗೆ ಮೂಲೆಯಲ್ಲಿ ಕೂರಲು ಅನುಮತಿ ಕೇಳಿ, ಮೊಮ್ಮಗಳ ಪುಟವನ್ನು ತೋರಿಸುವಿರಾ ಎಂದು ಕೇಳಿ. ಪುಟವಿದ್ದರೆ ಪಟ್ಟಿಯನ್ನು ಮರೆತುಬಿಡಿ, ಅದು ಪೋಷಕರ ಸಮಾಧಾನಕ್ಕೆ ಮಾಡಿದ್ದು. ಪುಟವಿಲ್ಲದೆ ಪಟ್ಟಿಯೊಂದೇ ಇದ್ದರೆ, ಮಕ್ಕಳಿಗೆ ಅರ್ಧ ಗಂಟೆಗೊಮ್ಮೆ ‘ಮುಗೀತು, ಎತ್ತಿಡಿ’ ಎನ್ನುತ್ತಿದ್ದರೆ, ಫಲಕಕ್ಕೆ ಕೊಡುವ ದುಡ್ಡನ್ನು ಉಳಿಸಿಕೊಂಡು ಹತ್ತಿರದ ಸಾಧಾರಣ ಶಾಲೆಗೆ ಸೇರಿಸಬಹುದು.

ಮನೆಗೆ ಯಾವ ಸಾಮಾನೂ ಬೇಡ. ಶಾಲೆಯದನ್ನೇ ಮನೆಯಲ್ಲೂ ಕಂಡರೆ ಅವಳಿಗೆ ಎರಡೂ ಕಡೆ ಬೇಸರ. ಅವರೆಕಾಯಿಯ ಕಾಲದಲ್ಲಿ ನೆನೆಹಾಕಿದ ಕಾಳನ್ನು ಹಿಚುಕಲು ಕೂರಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದಾಗ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುವಷ್ಟೇ ಒತ್ತಡ ಬೇಕು, ಹೆಚ್ಚಾದರೆ ಬೇಳೆ ಒಡೆಯುತ್ತದೆ. ಅದಕ್ಕಿಂತ ಒಳ್ಳೆಯ ಬೆರಳ ಕಸರತ್ತು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಕನ್ನಡ ಅಕ್ಷರದ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದು. ಈ ಪದ್ಧತಿಯಲ್ಲಿ ಅಕ್ಷರದ ಹೆಸರನ್ನಲ್ಲ, ಧ್ವನಿಯನ್ನು ಕಲಿಸುತ್ತಾರೆ. ನಮ್ಮ ಲಿಪಿಯಲ್ಲಿ ಎರಡೂ ಬಹುಪಾಲು ಒಂದೇ ಆದ್ದರಿಂದ ಕನ್ನಡಕ್ಕೆ ಇದು ಹೇಳಿ ಮಾಡಿಸಿದಂತಿದೆ. ತೊಡಕಿರುವುದು ಬಿಡಿ ಅಕ್ಷರ ಜೋಡಿಸಿ ಪದ ಕಟ್ಟುವಾಗ. ಮಗುವಿಗೆ ಮೊದಲು ಬರೆಯಬೇಕೆನಿಸುವ ಅಮ್ಮ, ಅಪ್ಪ, ಅಜ್ಜ, ಅಕ್ಕ ಎಲ್ಲದರಲ್ಲೂ ಒತ್ತಕ್ಷರ ಕೂತಿದೆ. ಅದಕ್ಕೆ ಬೇಕಾದ ಒತ್ತು, ಗುಣಿತದ ಚಿಹ್ನೆಗಳ ಪೆಟ್ಟಿಗೆಯನ್ನು ಎಷ್ಟೋ ಶಾಲೆಗಳು ಮಾಡಿಸುವ ಗೋಜಿಗೇ ಹೋಗುವುದಿಲ್ಲ, ಇಂಗ್ಲಿಷಿನ ಪೆಟ್ಟಿಗೆ ತರಿಸಿ ಕೈತೊಳೆದುಕೊಳ್ಳುತ್ತವೆ. ಕನ್ನಡದ ಹಲಗೆಗಳನ್ನು ನೀವೇ ಮಾಡಿಕೊಟ್ಟರೆ ಇಟ್ಟುಕೊಳ್ಳುವಿರಾ ಎಂದು ಶಿಕ್ಷಕಿಯನ್ನು ಕೇಳಿ ನೋಡಿ, ಸಂತೋಷದಿಂದ ಒಪ್ಪಿಯಾರು. ಹಾರ್ಡ್‌ವೇರ್ ಅಂಗಡಿಯ ನಯವಾದ ಉಪ್ಪು ಕಾಗದ, ದಪ್ಪ ರಟ್ಟು, ಕತ್ತರಿ, ಗೋಂದು ಸಾಕು. ಕಾಗದದ ಹಿಂಬದಿಗೆ ಗೀಚಿ ಕತ್ತರಿಸುವುದಾದರೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ನಲಿ-ಕಲಿಯಲ್ಲಿ ನಿಮಗೆ ರೂಢಿಯಾದ ರ, ಗ, ಸ, ದದಿಂದಲೇ ಶುರುಮಾಡಿ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಮೊದಲು ‘ಇದು ರ’, ಆಮೇಲೆ ‘ರ ಎಲ್ಲಿದೆ ತೋರಿಸು’, ಕೊನೆಗೆ ‘ಇದು ಯಾವುದು?’ ಮೂರನೆಯದಕ್ಕೆ ಅವಳು ತಪ್ಪು ಹೇಳಿದರೆ ತಿದ್ದಬೇಡಿ, ಹಲಗೆಗಳನ್ನು ಎತ್ತಿಟ್ಟು ಮರುದಿನ ‘ಇದು ರ’ ಎಂದೇ ಮತ್ತೆ ಆರಂಭಿಸಿ.

— ಸಂ.